ಮುಖ ನೋಡಿ ಮಣೆ ಹಾಕಬೇಡಿ: ಮೈಸೂರಿನ ಹಳೆಯ ಮನೆ, ಕಟ್ಟಡಗಳನ್ನು ಓದುವ ಬಗೆ

ಹಳೆಯ ಕಟ್ಟಡದ ಎದುರು ನಿಂತವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ "ಇದು ಯಾವ ಶೈಲಿ?" ಎಂಬುದು. ಅದನ್ನು ಕೊನೆಗೆ ಕೇಳಬೇಕು. ಕಟ್ಟಡದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಗುವುದು ಅದರ ಮುಖ. ಮನೆಯಲ್ಲಿ ಮದುವೆ ಬಂತೆಂದರೆ, ರಸ್ತೆ ಅಗಲವಾಯಿತೆಂದರೆ, ಕೈಯಲ್ಲಿ ನಾಲ್ಕು ಕಾಸು ಆಡಿತೆಂದರೆ ಮುಂಭಾಗ ಹೊಸದಾಗುತ್ತದೆ, ಹಿಂಭಾಗ ಹಾಗೇ ಉಳಿಯುತ್ತದೆ. ಜಗನ್ಮೋಹನ ಅರಮನೆಯನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆ 1861ರದು. ರಸ್ತೆಯಿಂದ ಕಣ್ಣಿಗೆ ಬೀಳುವ ಮುಂದಿನ ಭವ್ಯ ಸಭಾಂಗಣ 1900ರ ಸುಮಾರಿನದು. ಮುಖ ಮಾತ್ರ ನೋಡಿ ಇಡೀ ಕಟ್ಟಡದ ವಯಸ್ಸು ಹೇಳಿದರೆ ನಾಲ್ಕು ದಶಕ ತಪ್ಪುತ್ತದೆ.

ಅದಕ್ಕೇ ಇಲ್ಲಿ ಹೇಳುವ ಕ್ರಮ ಹೀಗೆ: ಮೊದಲು ಚಾವಣಿ, ಆಮೇಲೆ ಗೋಡೆ, ನಂತರ ಕಂಬ ಮತ್ತು ಕಮಾನು, ಬಾಗಿಲು ಕಿಟಕಿ, ನೆಲ. ಮುಖಕ್ಕೆ ಬರುವುದು ಎಲ್ಲ ಮುಗಿದ ಮೇಲೆ.

ಹೊರಡುವ ಮುನ್ನ

ಐದು ಮೀಟರಿನ ಉಕ್ಕಿನ ಟೇಪು, ಮೂವತ್ತು ಮೀಟರಿನ ಬಟ್ಟೆ ಟೇಪು, ಚೌಕಳಿ ಹಾಳೆಯ ಪುಸ್ತಕ, ಪೆನ್ಸಿಲ್ಲು, ಒಳ್ಳೆಯ ಟಾರ್ಚು, ಒಂದು ಸಣ್ಣ ಅಯಸ್ಕಾಂತ. ಬೈನಾಕ್ಯುಲರ್ ಇದ್ದರೆ ಸೂರಿನಂಚು, ಕಂಬದ ತಲೆ, ಮೇಲಂತಸ್ತಿನ ಗಾರೆ ಕೆಲಸ ಚೆನ್ನಾಗಿ ಕಾಣುತ್ತದೆ. ಅಯಸ್ಕಾಂತವನ್ನು ಮರೆಯಬೇಡಿ. ಹತ್ತು ಪದರ ಬಣ್ಣ ಬಳಿದ ಕಂಬ ಮರದ್ದೋ ಕಲ್ಲಿನದೋ ಎರಕದ ಕಬ್ಬಿಣದ್ದೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅಯಸ್ಕಾಂತ ಅಂಟಿತೆಂದರೆ ಕಬ್ಬಿಣ. ಅಂಟಿದ ಮೇಲೆ ಕಂಬದುದ್ದಕ್ಕೂ ಕೈಯಾಡಿಸಿ. ಅಚ್ಚಿನ ಎರಡು ಭಾಗ ಕೂಡಿದ ಸಣ್ಣ ಏಣು ಸಿಕ್ಕಿದರೆ ಅದು ಎರಕ ಹೊಯ್ದ ಕಂಬ.

ಬೆಳಿಗ್ಗೆ ಒಂಬತ್ತೂವರೆಯೊಳಗೆ ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ. ಓರೆ ಬಿಸಿಲಿನಲ್ಲಿ ಗೋಡೆಯ ಸಣ್ಣ ಉಬ್ಬುತಗ್ಗು ನೆರಳಾಗಿ ಎದ್ದು ಕಾಣುತ್ತದೆ. ಮುಚ್ಚಿದ ಹಳೆಯ ಕಿಟಕಿ, ಒಡೆದು ತೆಗೆದ ಮೆಟ್ಟಿಲಿನ ಗುರುತು, ಆಮೇಲೆ ಸೇರಿಸಿದ ಗೋಡೆಯ ಸಂದು ಹೊರಬರುವುದು ಆಗಲೇ. ನಡುಹಗಲಿನಲ್ಲಿ ಎಲ್ಲವೂ ಚಪ್ಪಟೆ.

ಜಗಲಿ ರಸ್ತೆಯ ಪಕ್ಕದಲ್ಲಿದ್ದರೂ ಮನೆಯದೇ ಭಾಗ. ಕೇಳದೆ ಹತ್ತಬೇಡಿ. ಮನೆಯ ಹಿರಿಯರು ಒಳಗೆ ಕರೆದರೆ ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆ ಮತ್ತು ಅಡುಗೆಮನೆಯ ಫೋಟೋಗೆ ಬೇರೆಯಾಗಿ ಒಪ್ಪಿಗೆ ಕೇಳಿ. "ಈ ಮನೆಗೆ ವಿದ್ಯುತ್ ಯಾವಾಗ ಬಂತು, ಹೆಂಚು ಯಾವಾಗ ಬದಲಾಯಿತು, ಬಚ್ಚಲು ಯಾವಾಗ ಒಳಗೆ ಬಂತು" ಎಂಬ ಮೂರು ಪ್ರಶ್ನೆಗೆ ಸಿಗುವ ಉತ್ತರ "ಮನೆ ಎಷ್ಟು ಹಳೆಯದು" ಎಂಬುದಕ್ಕೆ ಸಿಗುವ ಉತ್ತರಕ್ಕಿಂತ ನಂಬಲರ್ಹ. ಕೊನೆಯ ಪ್ರಶ್ನೆಗೆ ಎಲ್ಲ ಮನೆಯಲ್ಲೂ ನೂರೈವತ್ತು ವರ್ಷ ಎಂದೇ ಬರುತ್ತದೆ.

ಚಾವಣಿ: ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ

ಒಳಗಿನಿಂದ ತಲೆಯೆತ್ತಿ ನೋಡಿ. ಮೈಸೂರಿನಲ್ಲಿ ಐದು ಬಗೆಯ ಚಾವಣಿ ಮತ್ತೆ ಮತ್ತೆ ಸಿಗುತ್ತದೆ.

ನಾಡಹೆಂಚು ಅರ್ಧ ಕೊಳವೆಯಂತೆ ಬಾಗಿದ ಸಣ್ಣ ಹೆಂಚು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು. ತೂಕ ಹೆಚ್ಚು, ಅದಕ್ಕಾಗಿ ಕೆಳಗಿನ ಜಂತೆಗಳು ಒತ್ತೊತ್ತಾಗಿರುತ್ತವೆ. ಕೋತಿ, ಬೆಕ್ಕು ಓಡಾಡಿ ಹೆಂಚು ಜಾರುವುದರಿಂದ ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಕೈಯಾಡಿಸಬೇಕು. ಈ ಕಾಟಕ್ಕೇ ಬಹಳ ಮನೆಗಳಲ್ಲಿ ಅದು ಹೋಗಿ ಮಂಗಳೂರು ಹೆಂಚು ಬಂತು. ಬದಲಾದದ್ದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಜಂತೆ ಕಪ್ಪಾಗಿ ಒತ್ತೊತ್ತಾಗಿದ್ದು, ಅದರ ಮೇಲಿನ ರೀಪು ಮಾತ್ರ ಗರಗಸದ ಗುರುತಿರುವ ಹೊಸ ಮರವಾಗಿ 32 ಸೆಂಟಿಮೀಟರಿನ ಆಸುಪಾಸಿನ ಅಂತರದಲ್ಲಿದ್ದರೆ ಹೆಂಚು ಆಮೇಲಿನದು, ಮನೆ ಅದಕ್ಕಿಂತ ಹಳೆಯದು.

ಮಂಗಳೂರು ಹೆಂಚು ಚಪ್ಪಟೆ, ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ತೋಡು ಇರುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಬೇಕು. ಹೆಂಚಿನ ಮೇಲೆ ಕಾರ್ಖಾನೆಯ ಹೆಸರೂ ಇಸವಿಯೂ ಇರುತ್ತವೆ, ಎಡವುವುದು ಅಲ್ಲೇ. ಬಾಸೆಲ್ ಮಿಷನ್ ಹೆಂಚಿನ ಮೇಲಿನ 1865, ಅಲ್ಬುಕರ್ಕ್ ಹೆಂಚಿನ ಮೇಲಿನ 1868 ಆ ಕಾರ್ಖಾನೆಗಳು ಶುರುವಾದ ವರ್ಷ. ಹೆಂಚು ಸುಟ್ಟ ವರ್ಷವಲ್ಲ. "ನಮ್ಮ ಮನೆ 1865ರದು, ಹೆಂಚಿನ ಮೇಲೇ ಇದೆ" ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುವುದು ಇದರಿಂದ. ಹೆಸರಿನಿಂದ ಮಾತ್ರ ಸ್ವಲ್ಪ ಸುಳಿವು ಸಿಗುತ್ತದೆ. ಮೊದಲ ಮಹಾಯುದ್ಧದ ವೇಳೆ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಆ ಹೆಸರಿನ ಹೆಂಚು ಯುದ್ಧದ ನಂತರದ್ದು. ಒಂದೆರಡು ಹೆಂಚು ನೋಡಿ ನಿಲ್ಲಿಸಬೇಡಿ. ಒಡೆದಾಗಲೆಲ್ಲ ಸಿಕ್ಕಿದ್ದನ್ನು ಹಾಕಿರುತ್ತಾರೆ. ಚಾವಣಿಯ ಬೇರೆಬೇರೆ ಕಡೆ ಇಪ್ಪತ್ತಾದರೂ ಹೆಂಚಿನ ಗುರುತು ಬರೆದುಕೊಂಡು, ಯಾವುದು ಹೆಚ್ಚು ಎಂದು ಎಣಿಸಿ.

ಮದ್ರಾಸ್ ತಾರಸಿ ಮೈಸೂರಿನ ದೊಡ್ಡ ಮನೆಗಳ, ಸರ್ಕಾರಿ ಕಟ್ಟಡಗಳ ಜೀವಾಳ. ತೇಗದ ತೊಲೆಗಳ ಮೇಲೆ 30ರಿಂದ 45 ಸೆಂಟಿಮೀಟರಿಗೊಂದರಂತೆ ಜಂತೆ, ಅದರ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಕರ್ಣದ ದಿಕ್ಕಿನಲ್ಲಿ ಸುಣ್ಣದ ಗಾರೆಯಿಂದ ಕೂಡಿಸುತ್ತಾರೆ. ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಸುಮಾರು 75 ಮಿಲಿಮೀಟರ್ ಪದರ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದದ್ದು ಈ ಪದರವನ್ನೇ. ಅದರ ಮೇಲೆ ಚಪ್ಪಟೆ ಬಿಲ್ಲೆ. ಕೆಳಗಿನಿಂದ ಗುರುತಿಸಲು ಜಂತೆಗಳ ನಡುವೆ ಓರೆಯಾಗಿ ಹೋಗುವ ಇಟ್ಟಿಗೆ ಅಂಚಿನ ಗೆರೆ ನೋಡಿ. ಗಿಲಾವು ಮಾಡಿದ್ದರೆ ಒಂದು ಮೂಲೆಯಲ್ಲಾದರೂ ಉದುರಿರುತ್ತದೆ.

ಉಕ್ಕಿನ ತೊಲೆಗಳ ನಡುವೆ ಇಟ್ಟಿಗೆಯ ತಗ್ಗು ಕಮಾನು ಕಟ್ಟಿದ ಜ್ಯಾಕ್ ಆರ್ಚ್ ಚಾವಣಿ ನಾಲ್ಕನೆಯದು. ಸಾಲಾಗಿ ಅಲೆಯಂತೆ ಕಾಣುತ್ತದೆ. ತೊಲೆಯ ಬದಿಯಲ್ಲಿ ಟಾರ್ಚು ಬಿಟ್ಟು ಅಕ್ಷರ ಹುಡುಕಿ. ಇಂಗ್ಲೆಂಡಿನ ಡಾರ್ಮನ್ ಲಾಂಗ್ ಹೆಸರು ಹಲವು ಕಡೆ ಸಿಗುತ್ತದೆ. ಟಾಟಾ ಎಂದಿದ್ದರೆ ಕಟ್ಟಡದ ಆ ಭಾಗ 1912ಕ್ಕಿಂತ ಹಳೆಯದಾಗಿರಲಾರದು, ಜಮ್ಶೆಡ್‌ಪುರದಲ್ಲಿ ಉಕ್ಕು ಬರತೊಡಗಿದ್ದೇ ಆ ವರ್ಷ.

ಐದನೆಯದು ಕಾಂಕ್ರೀಟ್ ಚಪ್ಪಡಿ. ಹಳೆಯ ಮನೆಯ ಒಂದು ಕೋಣೆಗೆ ಮಾತ್ರ ಅದಿದ್ದರೆ ಆ ಕೋಣೆ ಬೇರೆ ಕಾಲದ್ದೆಂದು ನಕ್ಷೆಯಲ್ಲಿ ಗುರುತು ಹಾಕಿ ಮುಂದೆ ಹೋಗಿ.

ಗೋಡೆ

ಕಿಟಕಿಯ ಬದಿಯಲ್ಲಿ ಟೇಪು ಹಿಡಿದರೆ ಗೋಡೆಯ ದಪ್ಪ ಸಿಗುತ್ತದೆ. ಎರಡೂ ಕಡೆಯ ಗಿಲಾವಿಗೆ ನಾಲ್ಕೈದು ಸೆಂಟಿಮೀಟರ್ ಕಳೆಯಿರಿ. 45 ಸೆಂಟಿಮೀಟರಿಗಿಂತ ದಪ್ಪವಿದ್ದು ಮೇಲೆ ಹೋದಂತೆ ಸಣ್ಣದಾದರೆ ಮಣ್ಣಿನ ಗೋಡೆಯ ಸಂಭವ ಹೆಚ್ಚು. 35ರಿಂದ 45ರ ಒಳಗೆ ಒಂದೇ ಸಮ ಇದ್ದರೆ ಇಟ್ಟಿಗೆ, ಸುಣ್ಣದ ಗಾರೆ. 23 ಎಂದರೆ ಸಿಮೆಂಟಿನ ಕಾಲ. ಗಿಲಾವು ಉದುರಿದ ಕಡೆ ಉಗುರಿನಿಂದ ಕೆರೆದು ನೋಡಿ. ಸುಣ್ಣದ ಗಾರೆ ಬಿಳಿ ಅಥವಾ ಕೆನೆ ಬಣ್ಣ, ಇಟ್ಟಿಗೆ ಪುಡಿ ಬೆರೆತಿದ್ದರೆ ನಸುಗೆಂಪು, ಒತ್ತಿ ಕೆರೆದರೆ ಪುಡಿಯಾಗುತ್ತದೆ. ಸಿಮೆಂಟು ಬೂದು, ಉಗುರಿಗೆ ಜಗ್ಗುವುದಿಲ್ಲ. ಗಟ್ಟಿಯಾಗಿರುವ ಗಿಲಾವನ್ನು ಪರೀಕ್ಷೆಗೆಂದು ಒಡೆಯಬೇಡಿ, ಉದುರಿದ ಜಾಗ ಯಾವ ಮನೆಯಲ್ಲೂ ಸಿಗುತ್ತದೆ.

ಕಂಬ, ಕಮಾನು, ಬಾಗಿಲು

ನಮ್ಮ ಕಡೆಯ ಮರದ ಕಂಬ ಕಲ್ಲಿನ ಪೀಠದ ಮೇಲೆ ನಿಲ್ಲುತ್ತದೆ. ತಲೆಯ ಮೇಲೆ ಎರಡು ಅಥವಾ ನಾಲ್ಕು ಕಡೆ ಚಾಚಿದ ಬೋದಿಗೆ, ಅದರ ತುದಿಯಲ್ಲಿ ಕಮಲದ ಮೊಗ್ಗು ಇಳಿಬಿದ್ದಿರುತ್ತದೆ. ಬೋದಿಗೆಯ ಕೆಲಸ ಅಲಂಕಾರವಲ್ಲ, ತೊಲೆಯ ಭಾರವನ್ನು ಹರಡುವುದು. ಹೀಗಾಗಿ ಬೋದಿಗೆ ಇದ್ದು ಅದರ ಮೇಲೆ ತೊಲೆಯೇ ಇಲ್ಲದಿದ್ದರೆ ಆ ಕಂಬವನ್ನು ಬೇರೆಲ್ಲಿಂದಲೋ ತಂದು ನಿಲ್ಲಿಸಿದ್ದಾರೆ.

ಯುರೋಪಿನ ಕಂಬಗಳಲ್ಲಿ ತಲೆಯನ್ನು ಮಾತ್ರ ನೋಡಿದರೆ ಸಾಕು. ಬರಿಯ ಬಳೆ ಮತ್ತು ಚೌಕ ಹಲಗೆ ಇದ್ದರೆ ಡೋರಿಕ್ ಇಲ್ಲವೇ ಟಸ್ಕನ್. ಟಗರಿನ ಕೊಂಬಿನಂತೆ ಎರಡು ಸುರುಳಿ ಇದ್ದರೆ ಅಯೋನಿಕ್. ಎಲೆಗಳು ಪದರಪದರವಾಗಿ ಅರಳಿದ್ದರೆ ಕೊರಿಂಥಿಯನ್. ಇ. ಡಬ್ಲ್ಯು. ಫ್ರಿಚ್ಲಿ ವಿನ್ಯಾಸದ, 1921ರಲ್ಲಿ ಶುರುವಾದ ಲಲಿತಮಹಲಿನಲ್ಲಿ ಜೋಡಿ ಅಯೋನಿಕ್ ಕಂಬಗಳ ಸಾಲನ್ನು ನೋಡಿಕೊಂಡು, ಮಾನಸಗಂಗೋತ್ರಿಯಲ್ಲಿರುವ 1905ರ ಜಯಲಕ್ಷ್ಮೀ ವಿಲಾಸದ ಕೊರಿಂಥಿಯನ್ ಕಂಬಗಳ ಮುಂದೆ ನಿಂತರೆ ವ್ಯತ್ಯಾಸ ಜನ್ಮಕ್ಕೆ ಮರೆಯುವುದಿಲ್ಲ. ಜಯಲಕ್ಷ್ಮೀ ವಿಲಾಸದಲ್ಲಿ ಅದೇ ಕಂಬಗಳ ಜೊತೆಗೆ ಗಜಲಕ್ಷ್ಮಿಯೂ ಇದ್ದಾಳೆ. ಮೈಸೂರಿನ ಕುಶಲಕರ್ಮಿಗಳು ಪರದೇಶದ ವಿನ್ಯಾಸವನ್ನು ಹಾಗೇ ಇಟ್ಟುಕೊಂಡವರಲ್ಲ. ಈ ಬೆರಕೆಯೇ ಈ ಊರಿನ ನಿಜವಾದ ಸೊಗಸು.

ಕಮಾನಿನ ಬಳಿ ತಾಳ್ಮೆ ಬೇಕು. ಅರ್ಧ ವೃತ್ತ, ತಗ್ಗು ಬಿಲ್ಲು, ಚೂಪು ತುದಿ, ಅಂಚಿನಲ್ಲಿ ಹೂದಳದಂತೆ ಕಚ್ಚು ಕಚ್ಚಾದದ್ದು ಎಂದು ನಾಲ್ಕು ಚಿತ್ರ ಮೊದಲೇ ಬರೆದುಕೊಂಡು ಹೋಗಿ. ಆಮೇಲೆ ಆ ಕಮಾನು ಭಾರ ಹೊರುತ್ತಿದೆಯೋ, ಚಪ್ಪಟೆ ತೊಲೆಯ ಕೆಳಗೆ ಗಾರೆಯಲ್ಲಿ ಮಾಡಿದ ಅಲಂಕಾರವೋ ನೋಡಿ. ಕೆಳಗೆ ಬಿರುಕು ಬಿಟ್ಟು ಒಳಗೆ ಮರದ ಪಟ್ಟಿ ಕಾಣುತ್ತಿದ್ದರೆ ಅಲಂಕಾರ.

ತಲೆಬಾಗಿಲು ಕಬ್ಬಿಣದ ಕೀಲಿಲ್ಲದೆ, ಮೇಲೆ ಕೆಳಗೆ ಗುಳಿಯಲ್ಲಿ ತಿರುಗುವ ತಿರುಗಣೆಯ ಮೇಲಿದ್ದರೆ ಹಳೆಯ ರೂಢಿ. ಬಾಗಿಲವಾಡದ ಮೇಲುಪಟ್ಟಿಯ ಗಜಲಕ್ಷ್ಮಿ, ಬಳ್ಳಿ, ಗಿಳಿ ಕೆತ್ತನೆ ಚೆನ್ನಾಗಿದೆಯೆಂದು ವಯಸ್ಸು ಕಟ್ಟಬೇಡಿ. ಮನೆ ಕೆಡವಿದಾಗ ಮೊದಲು ಮಾರಾಟವಾಗಿ ಬೇರೆ ಮನೆ ಸೇರುವುದು ಬಾಗಿಲೇ. ಚೌಕಟ್ಟಿನ ಸುತ್ತ ಗೋಡೆಯ ಗಾರೆ ಒಂದೇ ಆಗಿದೆಯೋ, ತೇಪೆಯಿದೆಯೋ ಎಂಬುದು ಮುಖ್ಯ.

ನೆಲದ ಬಗ್ಗೆ ಒಂದೇ ಮಾತು: ನೆಲ ಒಂದು ತಲೆಮಾರಿಗೊಮ್ಮೆ ಬದಲಾಗುತ್ತದೆ. ಕೆಂಪು ಕಾವಿ ನೆಲವೋ ಹೂವಿನ ಬಿಲ್ಲೆಯೋ ಮೊಸಾಯಿಕ್ಕೋ ಬರೆದುಕೊಳ್ಳಿ, ಮನೆಯ ಕಾಲವನ್ನು ಅದರಿಂದ ನಿರ್ಧರಿಸಬೇಡಿ. ಹೊಸ್ತಿಲು ನೆಲದಲ್ಲಿ ಅರ್ಧ ಹೂತಂತಿದ್ದರೆ ಕೆಳಗೆ ಹಳೆಯ ನೆಲವಿದೆ.

ಈಗ ಶೈಲಿ

ತೊಟ್ಟಿ ಮನೆಯನ್ನು ಹೊರಗಿನಿಂದ ಗುರುತಿಸುವುದು ಕಷ್ಟ. ಅಗ್ರಹಾರದ ಬೀದಿಗಳಲ್ಲಿ ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ, ಮುಂಭಾಗ ಕಿರಿದು, ಉದ್ದ ಹೆಚ್ಚು. ಬಾಗಿಲಿನ ಎರಡೂ ಬದಿ ಜಗಲಿ, ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ನಾಲ್ಕೂ ಕಡೆಯ ಚಾವಣಿ ಒಳಮುಖವಾಗಿ ಇಳಿದು ಮಳೆನೀರನ್ನು ತೊಟ್ಟಿಯ ಕಲ್ಲುಹಾಸಿಗೆ ಸುರಿಯುತ್ತದೆ. ಇದರ ದೌರ್ಬಲ್ಯ ಇರುವುದು ಎರಡು ಇಳಿಜಾರು ಕೂಡುವ ನಾಲ್ಕು ಮೂಲೆಗಳಲ್ಲಿ. ನೀರೆಲ್ಲ ಅಲ್ಲಿಗೇ ಬರುತ್ತದೆ, ತಗಡು ತುಕ್ಕು ಹಿಡಿದರೆ ಮೂಲೆಯ ತೊಲೆ ಕೊಳೆಯುತ್ತದೆ. ತೊಟ್ಟಿ ಮನೆಗೆ ಹೋದೊಡನೆ ಟಾರ್ಚು ಬಿಡಬೇಕಾದ ಜಾಗ ಅದು. ತೊಟ್ಟಿಯ ಮೇಲೆ ಗಾಜೋ ಪ್ಲಾಸ್ಟಿಕ್ಕೋ ಹಾಕಿ ಮುಚ್ಚಿದ್ದರೆ ಬಿಸಿಗಾಳಿ ಹೊರಹೋಗುವ ದಾರಿ ಮುಚ್ಚಿದೆ ಎಂದೂ ಬರೆಯಿರಿ.

ಪ್ಲೇಗಿನ ನಂತರ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೋಟೆಯ ಹೊರಗೆ ಬಡಾವಣೆಗಳು ಬೆಳೆದಾಗ ಮನೆ ಗೋಡೆಯಿಂದ ಗೋಡೆಗೆ ಅಂಟಿಕೊಳ್ಳುವುದನ್ನು ಬಿಟ್ಟು ಕಾಂಪೌಂಡಿನ ನಡುವೆ ನಿಂತಿತು. ಲಕ್ಷ್ಮೀಪುರಂ, ಒಂಟಿಕೊಪ್ಪಲುಗಳಲ್ಲಿ ನಡೆದರೆ ಬಂಗಲೆಯ ಲಕ್ಷಣಗಳು ಕಾಣುತ್ತವೆ: ಮುಂದೆ ವರಾಂಡ, ಎರಡು ಬದಿಗೆ ಮುಂಚಾಚಿದ ಕೋಣೆ, ಮಂಗಳೂರು ಹೆಂಚಿನ ತ್ರಿಕೋನ ಮುಖ, ಅದರಲ್ಲಿ ಗಾಳಿಕಿಂಡಿ, ಸೂರಿಗೆ ಕೆತ್ತಿದ ಮರದ ಅಂಚು. ಒಳಗೆ ಹೋದರೆ ಮಾತ್ರ ಅಡುಗೆಮನೆ, ದೇವರಮನೆ, ನಡುಮನೆಗಳ ಜೋಡಣೆ ಹಳೆಯ ರೀತಿಯದೇ. ಹೊರಗೆ ಬಂಗಲೆ, ಒಳಗೆ ನಮ್ಮ ಮನೆ ಎಂದು ಎರಡನ್ನೂ ಬರೆಯುವುದು ಸರಿ.

ಇಂಡೋ ಸಾರ್ಸೆನಿಕ್ ಎಂಬ ಹೆಸರನ್ನು ಗುಮ್ಮಟ ಕಂಡಲ್ಲೆಲ್ಲ ಅಂಟಿಸುವುದುಂಟು. ಅಳತೆಗೋಲಾಗಿ ಅಂಬಾವಿಲಾಸ ಅರಮನೆಯನ್ನು ಇಟ್ಟುಕೊಳ್ಳಿ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ಕ್ಕೆ ಮುಗಿಯಿತು. ಬೆಂಕಿಯ ಭಯ ಕಟ್ಟಡದಲ್ಲೇ ಓದಲು ಸಿಗುತ್ತದೆ: ಕಲ್ಲು, ಇಟ್ಟಿಗೆ, ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು. ಗುಮ್ಮಟ, ಕಮಾನು ಇಸ್ಲಾಮಿ ಪರಂಪರೆಯಿಂದ, ನಡುಕಮಾನಿನ ಮೇಲಿನ ಗಜಲಕ್ಷ್ಮಿ ನಮ್ಮಿಂದ, ಕಬ್ಬಿಣ ಮತ್ತು ಬಣ್ಣದ ಗಾಜು ಯುರೋಪಿನಿಂದ. ಈ ಮೂರೂ ಒಟ್ಟಿಗಿದ್ದರೆ ಮಾತ್ರ ಆ ಹೆಸರು ಬಳಸಿ. ಗುಮ್ಮಟವೊಂದೇ ಇದ್ದು ಕಂಬಗಳೆಲ್ಲ ಯುರೋಪಿನವಾದರೆ, ಲಲಿತಮಹಲಿನಂತೆ, ಅದು ಯುರೋಪಿನ ಅಭಿಜಾತ ಶೈಲಿ.

ಚೂಪು ಕಮಾನು, ಆಕಾಶಕ್ಕೆ ಚುಚ್ಚುವ ಶಿಖರ, ಬಣ್ಣದ ಗಾಜಿನ ಎತ್ತರದ ಕಿಟಕಿ ಇರುವ ಗಾಥಿಕ್ ರೀತಿಗೆ ಸಂತ ಫಿಲೋಮಿನಾ ಚರ್ಚು ಸಾಕು. ಅದರ ಶಂಕುಸ್ಥಾಪನೆ 1933ರಲ್ಲಿ ಆದದ್ದು, ಅಂದರೆ ರೀತಿ ಮಧ್ಯಯುಗದ್ದು, ಕಟ್ಟಡ ನಮ್ಮ ಅಜ್ಜಂದಿರ ಕಾಲದ್ದು. ಶೈಲಿಯಿಂದ ವಯಸ್ಸು ಹೇಳಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1930ರಿಂದ 50ರ ದಶಕದ ಮನೆಗಳಲ್ಲಿ ಗುಂಡಗೆ ತಿರುಗುವ ಮೂಲೆ, ಕಿಟಕಿಯ ಮೇಲೆ ಹುಬ್ಬಿನಂಥ ಸಜ್ಜಾ, ಉದ್ದುದ್ದ ಪಟ್ಟಿ, ಹಡಗಿನ ಕಿಟಕಿಯಂಥ ದುಂಡು ಕಿಂಡಿ ಕಂಡರೆ ಆರ್ಟ್ ಡೆಕೊ. ಇವನ್ನು ಯಾರೂ ಪರಂಪರೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಬೇಗ ಮಾಯವಾಗುತ್ತಿವೆ. ಮೊದಲು ದಾಖಲಿಸಬೇಕಾದವು ಇವೇ.

ನಕ್ಷೆ ಮತ್ತು ಕಾಲನಿರ್ಣಯ

ಕೋಣೆಯ ಉದ್ದ ಅಗಲ ಅಳೆದರೆ ಸಾಲದು, ಎರಡು ಕರ್ಣವನ್ನೂ ಅಳೆಯಿರಿ. ಹಳೆಯ ಕೋಣೆ ಚೌಕವಾಗಿರುವುದು ಅಪರೂಪ, ಕರ್ಣವಿಲ್ಲದ ನಕ್ಷೆ ಮನೆಗೆ ಬಂದು ಬಿಡಿಸುವಾಗ ಕೂಡುವುದಿಲ್ಲ. ಗೋಡೆಯ ಒಂದು ತುದಿಯಲ್ಲಿ ಟೇಪಿನ ಸೊನ್ನೆ ಹಿಡಿದು ಬಾಗಿಲು, ಕಿಟಕಿ, ಕಂಬ ಎಲ್ಲದರ ದೂರವನ್ನೂ ಅಲ್ಲಿಂದಲೇ ಓದಿ. ಬಿಡಿಬಿಡಿಯಾಗಿ ಅಳೆದರೆ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. 1:100 ಪ್ರಮಾಣ ಸಾಮಾನ್ಯ ಮನೆಗೆ ಸಾಕು. ಕಂಬಗಳಿದ್ದರೆ ಅಂಕಣದ, ಅಂದರೆ ಎರಡು ಕಂಬಗಳ ನಡುವಿನ ಜಾಗದ, ಅಳತೆಯನ್ನೂ ಬರೆಯಿರಿ. ಮನೆಯನ್ನು ಕಟ್ಟಿದವರ ಲೆಕ್ಕ ಅಂಕಣದಲ್ಲಿತ್ತು, ಅಂಕಣ ತಪ್ಪಿದ ಕಡೆ ಕಟ್ಟಡ ಬದಲಾಗಿದೆ.

ಕಾಲ ಹೇಳುವಾಗ "ಇದಕ್ಕಿಂತ ಹಿಂದಿನದಲ್ಲ" ಎಂಬ ರೀತಿಯಲ್ಲಿ ಹೇಳಿ. ಒಂದು ಮನೆಯನ್ನು ಊಹಿಸಿಕೊಳ್ಳಿ: ಮುಂದೆ ಆರ್ಟ್ ಡೆಕೊ ಮುಖ, ನಡುವೆ ಟಾಟಾ ತೊಲೆಯ ಜ್ಯಾಕ್ ಆರ್ಚ್, ಹಿಂದೆ ದಪ್ಪ ಮಣ್ಣಿನ ಗೋಡೆ, ಒತ್ತು ಜಂತೆಯ ಹೆಂಚಿನ ಮನೆ. ಇದನ್ನು 1930ರ ಮನೆಯೆಂದರೂ ತಪ್ಪು, ಅಗ್ರಹಾರದ ಮನೆಯೆಂದರೂ ತಪ್ಪು. ಹಿಂಭಾಗ ಅತಿ ಹಳೆಯದು, ನಡುಭಾಗ 1912ರ ಈಚಿನದು, ಮುಖ 1930ರ ಈಚಿನದು ಎಂದು ಮೂರು ಬಣ್ಣದಲ್ಲಿ ನಕ್ಷೆ ತುಂಬಿ. ಆಮೇಲೆ ಖಾತೆ, ಕ್ರಯಪತ್ರ, ಪಾಲುಪಟ್ಟಿಗಳ ಜೊತೆ ಹೋಲಿಸಿ. ಪಾಲುಪಟ್ಟಿಯಲ್ಲಿ "ಉತ್ತರಕ್ಕೆ ಹೆಂಚಿನ ಮನೆ, ದಕ್ಷಿಣಕ್ಕೆ ತಾರಸಿ ಕೋಣೆ" ಎಂಬಂಥ ಸಾಲು ಸಿಕ್ಕಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಕೈ ಪಳಗಿಸಲು ಒಂದು ಬೆಳಗಿನ ದಾರಿ: ದೊಡ್ಡ ಗಡಿಯಾರ, ಪಕ್ಕದ 1884ರ ರಂಗಾಚಾರ್ಲು ಪುರಭವನ, ಕೃಷ್ಣರಾಜ ವೃತ್ತ, ದೇವರಾಜ ಮಾರುಕಟ್ಟೆ ಮತ್ತು ಚಿಕ್ಕ ಗಡಿಯಾರ, ಲ್ಯಾನ್ಸ್‌ಡೌನ್ ಕಟ್ಟಡ, ಕೊನೆಗೆ ಜಗನ್ಮೋಹನ ಅರಮನೆ. ಎಲ್ಲವೂ ನಡೆಯುವ ದೂರದಲ್ಲಿವೆ.

ಎಲ್ಲಿ ಕೆಡುತ್ತದೆ, ಏಕೆ

1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಬಿತ್ತು. ಆದ್ದರಿಂದ ಓದುವವರ ಕಣ್ಣು ಸೌಂದರ್ಯದ ಮೇಲೆ ಮಾತ್ರ ಇದ್ದರೆ ಸಾಲದು.

ಮದ್ರಾಸ್ ತಾರಸಿಯಲ್ಲಿ ಮೊದಲು ಕೊಳೆಯುವುದು ಜಂತೆಯ ನಡುಭಾಗವಲ್ಲ, ಗೋಡೆಯೊಳಗೆ ಹೂತ ತುದಿ. ತಾರಸಿಯ ನೀರು ಹೋಗುವ ದೋಣಿ ಕಟ್ಟಿಕೊಂಡರೆ ನೀರು ಗೋಡೆಯ ತಲೆಗೆ ಇಳಿದು ತುದಿಯನ್ನು ತಿನ್ನುತ್ತದೆ. ಕೆಳಗಿನಿಂದ ಜಂತೆ ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆ ಸೇರುವಲ್ಲಿ ಕಪ್ಪು ಕಲೆ, ತೇವ, ಜಂತೆಯ ಕೆಳಗೆ ಹುಡಿ ಇದ್ದರೆ ಆ ಕೋಣೆಯಲ್ಲಿ ನಿಲ್ಲಬೇಡಿ, ಮನೆಯವರಿಗೆ ಅಂದೇ ಹೇಳಿ. ಸೋರುತ್ತದೆಂದು ಮೇಲೆ ಸಿಮೆಂಟಿನ ಪದರ ಹಾಕುವುದು ಎರಡರಷ್ಟು ಕೆಟ್ಟದು: ಭಾರ ಹೆಚ್ಚುತ್ತದೆ, ಒಳಗಿನ ತೇವ ಆರಲು ದಾರಿ ಉಳಿಯುವುದಿಲ್ಲ.

ಗೋಡೆಗೂ ಅದೇ ಮಾತು. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದ ಬಿಡುತ್ತದೆ. ಸಿಮೆಂಟ್ ಗಿಲಾವು, ಪ್ಲಾಸ್ಟಿಕ್ ಬಣ್ಣ ಬಂದರೆ ತೇವ ಮೇಲಕ್ಕೇರಿ, ಉಪ್ಪು ಅರಳಿ, ಗಿಲಾವನ್ನೇ ಹೊರಕ್ಕೆ ದೂಡುತ್ತದೆ. ತೇಪೆಗೆ ಸುಣ್ಣ 1, ಇಟ್ಟಿಗೆ ಪುಡಿ 1, ಮರಳು 2 ಅಳತೆ ಬಳಸಿ. ಒಂದು ಸಲಕ್ಕೆ 10ರಿಂದ 12 ಮಿಲಿಮೀಟರಿಗಿಂತ ದಪ್ಪ ಬೇಡ, ಬಿರುಕು ಬಿಡುತ್ತದೆ. ಒದ್ದೆ ಗೋಣಿ ಇಳಿಬಿಟ್ಟು ಎರಡು ವಾರ ನೆರಳಲ್ಲಿ ಕಾಪಾಡಿ, ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ. ಸುಣ್ಣ ಅರಳಿಸುವಾಗ ಕಣ್ಣಿಗೆ ಕನ್ನಡಕ ಹಾಕಿಕೊಂಡು, ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣದ ರಾಶಿಗೆ ನೀರು ಸುರಿದರೆ ಕುದಿದು ಸಿಡಿಯುತ್ತದೆ.

ತಾರಸಿಯ ಅಂಚಿನ ಕೈಪಿಡಿ ಗೋಡೆಯಲ್ಲಿ ಅರಳಿ, ಆಲದ ಸಸಿ ಬೆರಳುದ್ದ ಇರುವಾಗಲೇ ಬೇರು ಸಮೇತ ತೆಗೆಯಬೇಕು. ದಪ್ಪ ಬೇರಾಗಿದ್ದರೆ ಎಳೆಯಬೇಡಿ, ಇಟ್ಟಿಗೆಗಳೂ ಜೊತೆಗೆ ಬರುತ್ತವೆ. ಬುಡ ಕಡಿದು, ಬೇರು ಸತ್ತ ಮೇಲೆ ಗಾರೆ ಕೆಲಸದವರಿಂದ ಬಿಚ್ಚಿ ಕಟ್ಟಿಸಬೇಕು.

ಬಿರುಕು ಕಂಡರೆ ಎರಡು ತುದಿಗೂ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಹಾಕಿ ತಾರೀಖು ಬರೆಯಿರಿ, ಅಗಲವಾದ ಕಡೆಯ ಅಳತೆಯನ್ನೂ ಬರೆಯಿರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆಯ ಹೊತ್ತಿಗೆ ಮತ್ತೊಮ್ಮೆ ನೋಡಿ. ಗೆರೆ ದಾಟಿದ್ದರೆ ಅಥವಾ ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುವ ಬಿರುಕಾಗಿದ್ದರೆ, ತೇಪೆ ಹಾಕುವ ಮುಂಚೆ ಹಳೆಯ ಕಟ್ಟಡ ಬಲ್ಲ ಎಂಜಿನಿಯರನ್ನು ಕರೆಸಬೇಕು. ನಕ್ಷೆ, ಫೋಟೋ, ಈ ಬಿರುಕಿನ ಪಟ್ಟಿಯ ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟು, ಮುಂದಿನ ಭೇಟಿಯ ತಿಂಗಳನ್ನು ಅದರ ಮೇಲೇ ಬರೆದು ಬನ್ನಿ.